ಪಿತ್ರಾರ್ಜಿತ ವೈರಿ

ಜರ್ಮನ್ ಕಲಿಯಲು ಹೋದ ಹೊಸತರಲ್ಲಿ, ಫುಟ್‌ಬಾಲ್ ಮಾತು ಬಂದಾಗ ಎದುರು ತಂಡವನ್ನು ‘ಫೈಂಟ್’ ಎಂದೆ. ನಿಘಂಟಿನಲ್ಲಿ ಶತ್ರುವಿಗೆ ಇದ್ದ ಪದ ಅದು. ಟೀಚರ್ ಅಲ್ಲೇ ತಡೆದರು: “ಆಟದಲ್ಲಿ ಫೈಂಟ್ ಇರೋದಿಲ್ಲ, ಗೇಗ್ನರ್ ಇರ್ತಾರೆ.”

‘ಗೇಗ್ನರ್’ ಒಳಗೆ ‘ಗೇಗನ್’ ಇದೆ, ಅಂದರೆ ಎದುರು. ನಮ್ಮ ‘ಎದುರಾಳಿ’ ಹುಟ್ಟಿದ್ದೂ ಹಾಗೆಯೇ. ‘ಫೈಂಟ್’ನ ಬೇರು ಮಾತ್ರ ಬೇರೆ, ದ್ವೇಷಿಸು ಎಂಬ ಹಳೆಯ ಕ್ರಿಯಾಪದದಿಂದ ಬಂದದ್ದು. ಕನ್ನಡದ ‘ಹಗೆ’ ನೆನಪಾಯಿತು. ದ್ವೇಷಕ್ಕೂ ಅದೇ ಪದ, ದ್ವೇಷಿಸುವವನಿಗೂ ಅದೇ. ಎದುರಾಳಿ ಆಟ ಮುಗಿಯುವ ತನಕ ಎದುರಿಗಿರುತ್ತಾನೆ. ಹಗೆ ಮನೆತನಕ ಜೊತೆಗೇ ಬರುತ್ತಾನೆ.

ನಾನಿರುವುದು ಕೇಲ್ ಎಂಬ ಗಡಿ ಊರಿನಲ್ಲಿ. ರೈನ್ ನದಿಯ ಆಚೆ ದಡ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್. 2017ರಿಂದ ಅಲ್ಲಿನ ಟ್ರಾಮ್ ಸೇತುವೆ ದಾಟಿ ನಮ್ಮೂರಿಗೂ ಬರುತ್ತದೆ. ಅದರಲ್ಲಿ ಕೂತು ಎರಡೂ ಭಾಷೆ ಕೇಳುತ್ತಾ ಹೋಗುವಾಗ, ಇಲ್ಲಿ ಒಂದು ಕಾಲಕ್ಕೆ ಚಾಲ್ತಿಯಲ್ಲಿದ್ದ ಮಾತೊಂದನ್ನು ನಂಬುವುದು ಕಷ್ಟವಾಗುತ್ತದೆ: ‘ಎರ್ಬ್‌ಫೈಂಟ್’. ಪಿತ್ರಾರ್ಜಿತ ಶತ್ರು! ಜರ್ಮನರು ಫ್ರಾನ್ಸನ್ನು ಕರೆಯುತ್ತಿದ್ದದ್ದು ಹಾಗೆ. ಅಪ್ಪನಿಂದ ಮಗನಿಗೆ ಹೊಲ ಮನೆ ಬರುವ ಹಾಗೆ ವೈರವೂ ಬರುತ್ತಿತ್ತು. 1870, 1914, 1940: ಎಪ್ಪತ್ತು ವರ್ಷಗಳಲ್ಲಿ ಮೂರು ಸಲ ಸೇನೆ ಗಡಿ ದಾಟಿತು.

ಆ ಪದ ಈಗ ಇತಿಹಾಸದ ಪಾಠದಲ್ಲಷ್ಟೇ ಸಿಗುತ್ತದೆ. ತಾನಾಗಿ ಸವೆದು ಹೋದದ್ದಲ್ಲ. 1963ರ ಜನವರಿ 22ರಂದು ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನಾವರ್ ಮತ್ತು ಫ್ರಾನ್ಸ್‌ನ ಅಧ್ಯಕ್ಷ ಡಿ ಗಾಲ್ ಎಲಿಸೀ ಎಂಬ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ವರ್ಷ ಎರಡೂ ದೇಶದ ಮಕ್ಕಳು, ಯುವಕರು ಪರಸ್ಪರ ಹೋಗಿ ಬರಲೆಂದೇ ಒಂದು ಸಂಸ್ಥೆ ಕಟ್ಟಿದರು. ಹಗೆಯವನ ಮನೆಯ ಊಟದ ಮೇಜಿನಲ್ಲಿ ಕೂತು ಬಂದ ಹುಡುಗನ ಬಾಯಲ್ಲಿ ಆ ಪದ ಹೇಗೆ ಉಳಿದೀತು?

ನಮ್ಮ ಕ್ರಿಕೆಟ್ ಸುದ್ದಿಯನ್ನು ಫೋನಿನಲ್ಲಿ ಓದುವಾಗ ‘ಬದ್ಧವೈರಿ’ ಎದುರಾದರೆ ಈಗ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ಬದ್ಧ ಅಂದರೆ ಕಟ್ಟಿಹಾಕಿದ್ದು. ಹನ್ನೊಂದು ಮಂದಿ ಆಟಗಾರರಿಗೆ ಇಷ್ಟು ಭಾರದ ಮಾತು ಬೇಡವೆಂದೇ ನನಗನಿಸುತ್ತದೆ, ಎದುರಾಳಿ ಸಾಕು. ವೈರಿಯನ್ನೂ ಗೌರವದಿಂದ ಕಾಣುವುದು ಕನ್ನಡಕ್ಕೆ ಹೊಸತೂ ಅಲ್ಲ. ರನ್ನನ ಗದಾಯುದ್ಧದಲ್ಲಿ ರಣರಂಗ ದಾಟಿ ಹೋಗುವ ದುರ್ಯೋಧನ ಅಭಿಮನ್ಯುವಿನ ಶವದ ಮುಂದೆ ನಿಂತು ಅವನ ಪರಾಕ್ರಮವನ್ನು ಹೊಗಳುತ್ತಾನೆ, ಅಂಥ ಸಾವು ತನಗೂ ಬರಲಿ ಎನ್ನುತ್ತಾನೆ. ಸತ್ತವನು ಪಾಂಡವರ ಮಗ ಎಂಬುದು ಅವನ ನಾಲಿಗೆ ಕಟ್ಟುವುದಿಲ್ಲ.

ಯುದ್ಧದ ಸಿನಿಮಾಗಳಲ್ಲಿ ಶತ್ರುವನ್ನು ಗುರುತಿಸಲು ಸಮವಸ್ತ್ರವೊಂದೇ ಸಾಕು. ಸಾಲಾಗಿ ಉರುಳುವ ಅವರಿಗೆ ಹೆಸರಿಲ್ಲ, ಅವರ ತಾಯಂದಿರನ್ನು ಯಾರೂ ತೋರಿಸುವುದಿಲ್ಲ.

ಸ್ಟ್ರಾಸ್‌ಬರ್ಗ್‌ನ ರಿಪಬ್ಲಿಕ್ ಚೌಕದಲ್ಲಿ 1936ರ ಯುದ್ಧ ಸ್ಮಾರಕವಿದೆ. ಮೊದಲ ಮಹಾಯುದ್ಧದ ಹೊತ್ತಿಗೆ ಆ ಊರು ಜರ್ಮನಿಯದಾಗಿತ್ತು, ಅಲ್ಲಿನ ಹುಡುಗರಲ್ಲಿ ಹೆಚ್ಚಿನವರು ಜರ್ಮನ್ ಸೇನೆಯಲ್ಲೇ ಕಾದಿದ್ದರು. ಹಾಗಾಗಿ ಉಳಿದ ಕಡೆ ಬರೆದಂತೆ ‘ಫ್ರಾನ್ಸ್‌ಗಾಗಿ ಮಡಿದವರು’ ಎಂದು ಬರೆಯಲಾಗಲಿಲ್ಲ. ‘ನಮ್ಮ ಮೃತರಿಗೆ’ ಎಂದಷ್ಟೇ ಕೆತ್ತಿದ್ದಾರೆ. ಸಾಯುತ್ತಿರುವ ಇಬ್ಬರು ಮಕ್ಕಳನ್ನು ತಾಯಿ ಆತುಕೊಂಡಿದ್ದಾಳೆ. ಇಬ್ಬರ ಮೈಮೇಲೂ ಸಮವಸ್ತ್ರವಿಲ್ಲ. ಯಾರು ಯಾವ ಸೇನೆಯವನೆಂದು ನಾನು ಸುತ್ತು ಹಾಕಿ ಹುಡುಕಿದೆ, ಗೊತ್ತಾಗಲಿಲ್ಲ.