ಕ್ರಿಟೀರಿಯಂ ತಯಾರಿ: ಬಲ ತಿರುವು ಬಾಕಿ ಇದೆ

ಅಕ್ಟೋಬರ್ 5

ಮಳೆ ಕಡಿಮೆಯಾಗಿದೆ. ಇನ್ನು ಏಳು ವಾರಕ್ಕೆ ಹುಬ್ಬಳ್ಳಿಯಲ್ಲಿ ಕ್ರಿಟೀರಿಯಂ ಸೈಕಲ್ ರೇಸ್. ಹೆಸರು ಕೊಟ್ಟಾಯ್ತು.

ಕ್ರಿಟೀರಿಯಂ ಅಂದ್ರೆ ಊರಿಂದ ಊರಿಗೆ ಹೋಗುವ ರೇಸ್ ಅಲ್ಲ. ಸಣ್ಣದೊಂದು ಸುತ್ತಿನ ರಸ್ತೆ ಬಂದ್ ಮಾಡಿ ಅದರಲ್ಲೇ ಓಡಿಸುತ್ತಾರೆ. ಈ ರೇಸಿನ ಸುತ್ತು 1.1 ಕಿಲೋಮೀಟರ್, ನಾಲ್ಕು ತಿರುವು. ಅರ್ಧ ಗಂಟೆ, ಅದರ ಮೇಲೆ ಮೂರು ಸುತ್ತು. ಕೊನೆಯ ಸುತ್ತಿಗೆ ಗಂಟೆ ಬಾರಿಸುತ್ತಾರೆ. ಗಂಟೆಗೆ 35 ಕಿಲೋಮೀಟರ್ ಅಂತ ಹಿಡಿದರೂ ಸುಮಾರು 19 ಸುತ್ತು, 76 ತಿರುವು. ಪ್ರತಿ ತಿರುವಿನಲ್ಲೂ ವೇಗ ಸ್ವಲ್ಪ ಇಳಿಯುತ್ತದೆ, ಮತ್ತೆ ಎದ್ದು ತುಳಿಯಬೇಕು.

ನನಗಿರುವ ಅಭ್ಯಾಸವೇ ಬೇರೆ. ಕಾರವಾರದಿಂದ ಬಿಣಗಾ ಏರು ಹತ್ತಿ ಹೆದ್ದಾರಿ 66ರಲ್ಲಿ ಅಂಕೋಲಾಕ್ಕೆ ಹೋಗಿಬರುವುದು, ಒಂದೇ ಲಯದಲ್ಲಿ. ಉಸಿರಿಗೆ ಅದು ಒಳ್ಳೆಯದೇ. ಆದರೆ 76 ಸಲ ಎದ್ದು ತುಳಿಯುವ ಕಾಲು ಅದರಿಂದ ಬರುವುದಿಲ್ಲ.

ಅಕ್ಟೋಬರ್ 12

ಮನೆ ಹತ್ತಿರದ ಬಡಾವಣೆಯಲ್ಲಿ ಸುತ್ತು ಸಿಕ್ಕಿತು. 900 ಮೀಟರ್, ನಾಲ್ಕು ತಿರುವು. ಬೆಳಿಗ್ಗೆ ಐದೂವರೆಗೆ ಹಾಲಿನ ಗಾಡಿ ಬಿಟ್ಟರೆ ಯಾರೂ ಇರುವುದಿಲ್ಲ. ಎಡಕ್ಕೇ ತಿರುಗುತ್ತಾ ಸುತ್ತುತ್ತೇನೆ. ರಸ್ತೆಯ ಎಡಭಾಗ ಬಿಡದೆ, ಎದುರು ಬರುವ ಗಾಡಿಗೆ ಅಡ್ಡ ಹೋಗದೆ ತಿರುಗಬಹುದು, ಅಲ್ವಾ? ಮೊದಲ ದಿನ ಕಸಬರಿಗೆ ತಂದು ಮೂರನೇ ತಿರುವಿನ ಮರಳು ಗುಡಿಸಿದೆ. ಸಮುದ್ರದ ಪಕ್ಕದ ಊರು. ನಾಲ್ಕು ದಿನ ಗಾಳಿ ಬೀಸಿದರೆ ಸಾಕು, ಮರಳು ಮತ್ತೆ ಬಂದಿರುತ್ತದೆ.

ಅಕ್ಕನ ಮಗ ಮೊಬೈಲಿನಲ್ಲಿ ಸಮಯ ನೋಡುತ್ತಾನೆ. ಇವತ್ತು ಅವನೇ ಹೇಳಿದ: "ಮಾಮಾ, ತಿರುಗುವಾಗ ನೀನು ಮುಂದಿನ ಚಕ್ರವನ್ನೇ ನೋಡ್ತೀಯ."

ನಿಜ. ಕಣ್ಣು ಎಲ್ಲಿಗೋ ಸೈಕಲ್ ಅಲ್ಲಿಗೆ. ಮುಂದಿನ ಸುತ್ತಿನಲ್ಲಿ ತಿರುವು ಮುಗಿಯುವ ಕಡೆಯ ವಿದ್ಯುತ್ ಕಂಬವನ್ನು ನೋಡಿದೆ. ಸೈಕಲ್ ತಾನಾಗಿಯೇ ಬಾಗಿತು, ಬ್ರೇಕ್ ಬೇಕಾಗಲಿಲ್ಲ.

ಅಕ್ಟೋಬರ್ 26

ವಾರಕ್ಕೆ ಎರಡು ದಿನ ಹೀಗೆ: ತಿರುವಿನಿಂದ ಹೊರಬಿದ್ದ ಕೂಡಲೇ 15 ಸೆಕೆಂಡ್ ಪೂರ್ತಿ ಜೋರು, 45 ಸೆಕೆಂಡ್ ನಿಧಾನ. ಹತ್ತು ಸಲ. ಹತ್ತು ನಿಮಿಷ ಬಿಟ್ಟು ಇನ್ನೂ ಹತ್ತು ಸಲ. ಏಳನೆಯದಕ್ಕೆ ತೊಡೆ ಉರಿಯಲು ಶುರುವಾಗುತ್ತದೆ. ಹೋದ ವಾರ ಐದನೆಯದಕ್ಕೇ ಆಗಿತ್ತು.

ಟೈರಿನ ಗಾಳಿ 95ರಿಂದ 80 ಪಿಎಸ್‌ಐಗೆ ಇಳಿಸಿದೆ. ನನ್ನ ತೂಕ 68 ಕಿಲೋ, ಟೈರು 25 ಮಿಲಿಮೀಟರ್. ಗಾಳಿ ಜಾಸ್ತಿ ಇದ್ದಾಗ ತಿರುವಿನ ಸಣ್ಣ ಉಬ್ಬಿಗೂ ಚಕ್ರ ಪುಟಿಯುತ್ತಿತ್ತು. ಈಗ ರಸ್ತೆಗೆ ಕಚ್ಚಿಕೊಂಡು ಹೋಗುತ್ತದೆ. ಉಪ್ಪುಗಾಳಿಗೆ ಚೈನು ಬೇಗ ತುಕ್ಕು ಹಿಡಿಯುತ್ತದೆ. ದಿನಾ ಸಂಜೆ ಒರೆಸಿ ಎಣ್ಣೆ ಹಾಕುವುದನ್ನು ಬಿಟ್ಟಿಲ್ಲ.

ನವೆಂಬರ್ 23, ರೇಸಿನ ದಿನ

ಹಿಂದಿನ ಸಂಜೆ ಸೈಕಲ್ ಬಿಚ್ಚಿ ಕಾರಿಗೆ ಹಾಕಿಕೊಂಡು ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋದೆವು. ಅರಬೈಲ್ ಘಾಟಿನಲ್ಲಿ ಲಾರಿಗಳ ಸಾಲು. ಮುಂದಿನ ಲಾರಿ ತಿರುವಿನಲ್ಲಿ ಸ್ವಲ್ಪವೇ ನಿಧಾನ ಮಾಡುತ್ತದೆ, ಹತ್ತನೆಯ ಗಾಡಿ ಹೆಚ್ಚುಕಡಿಮೆ ನಿಂತೇಬಿಡುತ್ತದೆ. ಮರುದಿನ ರೇಸಿನಲ್ಲಿ ನನಗೆ ಆದದ್ದೂ ಅದೇ.

ಬೆಳಿಗ್ಗೆ ಮೈ ಬಿಸಿ ಮಾಡಿಕೊಳ್ಳಲು ಸುತ್ತಿಗೆ ಇಳಿದಾಗ ಗೊತ್ತಾಯಿತು, ನಾಲ್ಕೂ ಬಲ ತಿರುವು. ಬಂದ್ ಮಾಡಿದ ರಸ್ತೆಯಲ್ಲಿ ಯಾವ ಕಡೆಗಾದರೂ ಓಡಿಸಬಹುದು. ಅದು ನನಗೆ ಹೊಳೆದೇ ಇರಲಿಲ್ಲ.

ಬಾಗುವಾಗ ಒಳಗಿನ ಪೆಡಲ್ ಮೇಲಿರಬೇಕು, ಮೈಭಾರ ಹೊರಗಿನ ಕಾಲಿನ ಮೇಲೆ. ಆರು ವಾರದಲ್ಲಿ ನನ್ನ ಎಡಗಾಲು ಮೇಲೆ ಹೋಗಿ ನಿಲ್ಲುವುದನ್ನು ಕಲಿತಿತ್ತು. ಬಲಗಾಲಿಗೆ ಪ್ರತಿ ಸಲ ಹೇಳಿಕೊಡಬೇಕಾಯಿತು.

34 ಜನ. ಶುರುವಿನಲ್ಲೇ ಹಿಂದೆ ಬಿದ್ದೆ. ಮುಂದಿನ ಹತ್ತು ಜನ ಬ್ರೇಕ್ ಮುಟ್ಟದೆ ತಿರುಗುತ್ತಿದ್ದರು, ಹಿಂದಿನ ನಾವು ಬ್ರೇಕ್ ಹಿಡಿದು, ಎದ್ದು ತುಳಿದು, ಗುಂಪನ್ನು ಹಿಡಿಯಬೇಕಿತ್ತು. ವಿಜಯಪುರದ ಕಡೆಯ ಹುಡುಗನೊಬ್ಬ ನನ್ನ ಪಕ್ಕದಲ್ಲೇ ಇದ್ದ. ನೇರ ರಸ್ತೆ ಬಂದಾಗಲೆಲ್ಲ ಎರಡು ಮೂರು ಜನರನ್ನು ದಾಟುತ್ತಾ, ಐದು ಸುತ್ತಿನೊಳಗೆ ಮುಂದೆ ಸೇರಿಬಿಟ್ಟ. ಆಮೇಲೆ ಅವನು ಎದ್ದು ತುಳಿದದ್ದನ್ನು ನಾನು ನೋಡಲೇ ಇಲ್ಲ. ಎಷ್ಟು ಚೆಂದದ ಓಟ ಅದು!

ಹನ್ನೊಂದನೇ ಸುತ್ತು, ಎರಡನೇ ತಿರುವು. ಸೈಕಲ್ ಇನ್ನೂ ಬಾಗಿರುವಾಗಲೇ ತುಳಿಯಲು ಶುರು ಮಾಡಿದೆ. ಬಲ ಪೆಡಲ್ ಡಾಂಬರಿಗೆ ತಾಗಿತು. ಕರ್ರ್ ಅಂತ ಸದ್ದು. ಹಿಂದಿನ ಚಕ್ರ ಹಾರಿ ಒಂದು ಗೇಣು ಆಚೆ ಬಿತ್ತು. ನಾನು ಬೀಳಲಿಲ್ಲ. ಆದರೆ ಅಷ್ಟರಲ್ಲಿ ಗುಂಪು ಮೂರು ಸೈಕಲ್ ಉದ್ದ ಮುಂದೆ ಹೋಗಿತ್ತು. ಎದುರುಗಾಳಿಯಲ್ಲಿ ಒಬ್ಬನೇ ಎರಡು ಸುತ್ತು ಅಟ್ಟಿದೆ, ಸಿಗಲಿಲ್ಲ.

ಆಮೇಲಿನ ಗುರಿ ಒಂದೇ. ಮುಂದಿನವರು ಪೂರ್ತಿ ಸುತ್ತು ಹಾಕಿ ನನ್ನನ್ನು ಹಿಂದಿನಿಂದ ಹಿಡಿದರೆ ಹೊರಗೆ ಕರೆಯುತ್ತಾರೆ. ಹಾಗಾಗಬಾರದು. ಹಿಂದೆ ಉಳಿದ ಇನ್ನಿಬ್ಬರು ಜೊತೆ ಸಿಕ್ಕರು, ಸರದಿ ಪ್ರಕಾರ ಗಾಳಿಗೆ ಎದೆ ಕೊಟ್ಟೆವು. ಗಂಟೆ ಬಾರಿಸಿದಾಗ ಗುಂಪು ನಮಗಿಂತ ಅರ್ಧ ಸುತ್ತು ಮುಂದಿತ್ತು. ಮುಗಿಸಿದೆ, 21ನೆಯವನು.

ನವೆಂಬರ್ 30

ನಮ್ಮ ಬಡಾವಣೆಯಲ್ಲಿ ಉಲ್ಟಾ ಸುತ್ತುವುದು ಬೇಡ. ಎದುರಿನ ಗಾಡಿಗೆ ಸಿಕ್ಕಿಬೀಳುವ ಅಪಾಯ. ಅಕ್ಕನ ಮನೆ ಹತ್ತಿರ ಒಂದು ದೊಡ್ಡ ಕಾಂಕ್ರೀಟ್ ಅಂಗಳ ಇದೆ, ಕೇಳಿಕೊಂಡೆವು, ಒಪ್ಪಿದರು. ತೆಂಗಿನ ಕರಟ ಸಾಲಾಗಿ ಇಟ್ಟು ಎಂಟರ ಆಕಾರ ಮಾಡಿದೆವು. ಒಂದು ಬಲ, ಒಂದು ಎಡ. ಇವತ್ತು ನಲವತ್ತು ಬಲ ತಿರುವು ಆಯಿತು, ನಿಧಾನವಾಗಿಯೇ. ಬಲ ಪೆಡಲಿನ ತುದಿಯಲ್ಲಿ ಹುಬ್ಬಳ್ಳಿಯ ಬೆಳ್ಳಿ ಗೀರು ಹಾಗೇ ಇದೆ. ಅಕ್ಕನ ಮಗ ಬಗ್ಗಿ ನೋಡಿದ, ಪಕ್ಕದಲ್ಲಿ ಹೊಸದೊಂದು ಬಿದ್ದಿರಲಿಲ್ಲ.