ನೆಟ್ಟರೆ ಸಾಯುವ ಗಿಡ

ಗಂಗಾವತಿ ಕಡೆಯವರಿಗೆ ಗಿಡ ಹಚ್ಚುವುದು ಅಂದರೆ ಕೆಸರಿಗೆ ಒತ್ತುವುದು. ನಮ್ಮಪ್ಪ ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನೇ ನಂಬಿ ಜೀವಮಾನವಿಡೀ ಸೋನಾ ಮಸೂರಿ ಬೆಳೆದವರು. ನಾನು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನಾದರೂ ಕೈಗೆ ಅದೇ ಬುದ್ಧಿ. 50 ಲೀಟರ್ ಹಿಡಿಯುವ ಅಕ್ವೇರಿಯಂ ಮಾಡಿಕೊಂಡು, ಹೊಸಪೇಟೆಯ ಒಂದು ಅಂಗಡಿಯಿಂದ ಎರಡು ಅನುಬಿಯಾಸ್ ಗಿಡ ತಂದೆ. "ಹಳ್ಳಿನಾಗ ಒತ್ತಿ ಇಟ್ಬಿಡ್ರಿ ಸರ, ತಾನಾ ಬರ್ತೈತಿ" ಅಂದಿದ್ದ ಅಂಗಡಿಯವ. ತಳದ ಹಳ್ಳಿನಲ್ಲಿ, ಅಂದರೆ ಸಣ್ಣ ಕಲ್ಲಿನಲ್ಲಿ, ಒತ್ತಿ ಇಟ್ಟೆ. ಮೂರು ವಾರಕ್ಕೆ ಎಲೆಗಳು ಒಂದೊಂದೇ ಬುಡದಿಂದ ಕಳಚಿ ಮೇಲೆ ತೇಲಿದವು. ಕಿತ್ತು ನೋಡಿದರೆ ಗಡ್ಡೆ ಬೆರಳಿಗೆ ಮೆತ್ತಗೆ ಹತ್ತಿತು, ಕೊಳೆತ ಆಲೂಗಡ್ಡೆಯ ನಾತ.

ಅನುಬಿಯಾಸ್ ಪಶ್ಚಿಮ ಆಫ್ರಿಕಾದ ಹಳ್ಳತೊರೆಗಳ ಗಿಡ. ಅಲ್ಲಿ ಅದು ಕಲ್ಲು, ಬೇರು, ಬಿದ್ದ ಮರ ಹಿಡಿದುಕೊಂಡು ಬದುಕುತ್ತದೆ. ಶುಂಠಿಯ ಹಾಗೆ ಅಡ್ಡಡ್ಡ ಬೆಳೆಯುವ ದಪ್ಪ ಕಾಂಡ ಅದರ ಪ್ರಾಣ. ಶುಂಠಿಯನ್ನು ಹೂಳಬೇಕು, ಇದನ್ನು ಹೂಳಿದರೆ ಕೊಳೆಯುತ್ತದೆ. ಕೆಳಗಿನ ಬೇರು ಮಣ್ಣಿಗಿಳಿದರೆ ಅಡ್ಡಿಯಿಲ್ಲ, ಕಾಂಡದ ಸುತ್ತ ಮಾತ್ರ ನೀರು ಆಡುತ್ತಿರಬೇಕು. ಇದು ಗೊತ್ತಾಗುವ ಹೊತ್ತಿಗೆ ನನ್ನ ಎರಡೂ ಗಿಡ ತಿಪ್ಪೆ ಸೇರಿದ್ದವು.

ಈ ಸಲ ಹೂಳದೆ ಕೊರಡಿಗೆ ಕಟ್ಟೋಣ ಅಂದುಕೊಂಡೆ. ಕಟ್ಟುವುದಕ್ಕೆ ಕೊರಡು ಮನೆಯಲ್ಲೇ ಇತ್ತು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿ, ಅಪ್ಪನಂಥವರೆಲ್ಲ ಈ ಸಲ ಭತ್ತಕ್ಕೆ ನೀರು ಉಳಿದೀತೋ ಇಲ್ಲವೋ ಅಂತ ಜೀವ ಕೈಯಲ್ಲಿ ಹಿಡಿದಿದ್ದ ದಿನಗಳು ನೆನಪಿರಬೇಕು. ಹೊಳೆ ಇಳಿದ ಮೇಲೆ ಆನೆಗೊಂದಿ ದಂಡೆಯಲ್ಲಿ ಸಿಕ್ಕಿದ್ದು ಅದು: ಮೊಣಕೈಯುದ್ದ, ತೊಗಟೆ ಪೂರಾ ಸವೆದು, ಜಿಂಕೆಯ ಕೋಡಿನ ಹಾಗೆ ಕವಲೊಡೆದ ಬೇರು. ಬಳ್ಳಾರಿ ಜಾಲಿ ಅಂದರು ಅಪ್ಪ. ಹುಣಸೆ ಅಂದಳು ಅವ್ವ. ಆ ಜಗಳ ಇನ್ನೂ ಮುಗಿದಿಲ್ಲ.

ಒಣಗಿದ ಕೊರಡು ನೀರಿಗೆ ಹಾಕಿದರೆ ತೇಲುತ್ತದೆ. ಅದು ನೀರು ಕುಡಿದು ಮುಳುಗಬೇಕು, ಒಳಗಿನ ಒಗರೂ ಬಿಡಬೇಕು. ಅದಕ್ಕೆ ಅವ್ವನ ಸ್ನಾನದ ಹಂಡೆಯಲ್ಲಿ ಕುದಿಸಿದೆ. ನೀರು ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಹಂಡೆಗೂ ಆ ಬಣ್ಣ ಹತ್ತಿದ್ದಕ್ಕೆ ಏನೇನು ಅನಿಸಿಕೊಂಡೆ ಅಂತ ಇಲ್ಲಿ ಬರೆಯಲಾರೆ. ಮುಂದಿನ ಎರಡು ವಾರ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ, ದಿನ ಬಿಟ್ಟು ದಿನ ನೀರು ಬದಲಿಸಿ ನೆನೆಹಾಕಿದೆ.

ಹಾಗೆ ಬಂತು ಆ ಭಾನುವಾರ. ಹೊಸದಾಗಿ ತಂದ 'ನಾನಾ' ಅನ್ನುವ ಗಿಡ್ಡ ಜಾತಿಯ ಅನುಬಿಯಾಸ್ ಒಂದು, ಹೀಗೇ ಕೊರಡು ಹಿಡಿದು ಬೆಳೆಯುವ ಜಾವಾ ಫರ್ನ್ ಅನ್ನುವ ಜರೀಗಿಡ ಒಂದು, ಒಂದು ಹಿಡಿ ಜಾವಾ ಮಾಸ್ ಅನ್ನುವ ಹಾವಸೆ. ನರ್ಸರಿಯವರು ಬೇರಿಗೆ ಸುತ್ತಿದ್ದ ಬೂದು ಹತ್ತಿಯಂಥದ್ದನ್ನು ಪಿನ್ನಿನಿಂದ ಎಳೆ ಎಳೆಯಾಗಿ ಬಿಡಿಸುವುದಕ್ಕೇ ಅರ್ಧ ತಾಸು ಹಿಡಿಯಿತು. ಅಪ್ಪ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದರು.

"ನೆಟ್ಟರ ಸಾಯೋ ಗಿಡ ಯಾವ್ದಲೇ ತಮ್ಮಾ? ಬದನಿಕಿ ಏನು ಇದು?"

"ಅಲ್ಲಪ್ಪ. ಬದನಿಕಿ ಮರದ ರಸ ಕುಡೀತೈತಿ. ಇದು ಬರೇ ಹಿಡಕೊಂಡು ಕುಂದರತೈತಿ. ಊಟ ಎಲ್ಲಾ ನೀರಿನಾಗಿಂದ."

"ಒಳ್ಳೇ ಬಾಡಿಗಿ ಮನಿ ಮಂದಿ ಇದ್ದಂಗ ಐತಿ" ಅಂದು ಎದ್ದು ಬಂದರು.

ಜಾವಾ ಫರ್ನ್‌ಗೆ ಅಂಟು ಹಚ್ಚೋಣವೆಂದು ಐದು ರೂಪಾಯಿಯ ಸೂಪರ್ ಗ್ಲೂ ತಂದಿದ್ದೆ. ಇದಕ್ಕೆ ಗಟ್ಟಿ ಜೆಲ್ ಬೇಕು, ನನ್ನದು ನೀರಿನಂಥದು. ಒಂದು ಹನಿ ಕೊರಡಿನ ಮೇಲೆ, ಮೂರು ಹನಿ ನನ್ನ ಹೆಬ್ಬೆರಳ ಮೇಲೆ. ತೇವ ತಾಗಿದರೆ ಈ ಅಂಟು ಇನ್ನೂ ಬೇಗ ಕಚ್ಚುತ್ತದೆ, ನನ್ನ ಬೆರಳೋ ಒದ್ದೆ. ಫರ್ನ್, ಕೊರಡು, ನಾನು ಮೂವರೂ ಒಂದಾದೆವು. ಬಿಡಿಸಿಕೊಂಡಾಗ ಸುಣ್ಣದ ಹಾಗೆ ಬೆಳ್ಳಗಾದ ಅಂಟಿನಲ್ಲಿ ನನ್ನ ಹೆಬ್ಬೆಟ್ಟಿನ ಗೆರೆಗಳು ಸ್ಪಷ್ಟವಾಗಿ ಮೂಡಿದ್ದವು. ಸಾಲದ ಕಾಗದಕ್ಕೆ ಒತ್ತಿದಂತೆ.

ಅನುಬಿಯಾಸ್‌ಗೆ ದಾರವೇ ಸೈ ಅಂದುಕೊಂಡೆ. ಹತ್ತಿ ದಾರವಾದರೆ ಕೆಲವು ವಾರದಲ್ಲಿ ತಾನೇ ಕೊಳೆತುಹೋಗುತ್ತದೆ, ಅಷ್ಟರಲ್ಲಿ ಬೇರು ಹಿಡಿದಿರುತ್ತದೆ. ನನ್ನ ಹತ್ತಿರ ಇದ್ದದ್ದು ಮಿಲ್ಲಿನಲ್ಲಿ ಅಕ್ಕಿ ಚೀಲ ಹೊಲಿಯುವ ಪಾಲಿಯೆಸ್ಟರ್ ದಾರ. ಒಂದು ಕೈಯಲ್ಲಿ ಗಿಡ, ಇನ್ನೊಂದರಲ್ಲಿ ದಾರ, ಕೊರಡು ಹಿಡಿಯಲು ಮೂರನೇ ಕೈ ಇಲ್ಲ. ಅಪ್ಪ ಕೊರಡನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ದಾರದ ತುದಿ ಹಿಡಿದರು. ನಾನು ಬಿಗಿದೆ. ದಾರ ಹಸಿರು ಕಾಂಡದೊಳಗೆ ಇಳಿಯತೊಡಗಿತು.

"ಏ, ಹುಲ್ಲಿನ ಸಿವುಡು ಕಟ್ಟಿದಂಗ ಬಿಗೀಬ್ಯಾಡ. ಉಸಿರಾಡಬೇಕಲ್ಲ ಅದು" ಅಂತ ದಾರ ಕಸಿದುಕೊಂಡರು. ಬಿಚ್ಚಿ, ಕಾಂಡವನ್ನು ಕವಲಿನ ಸಂದಿಯಲ್ಲಿ ಕೂಡಿಸಿ, ಎಲೆಯ ತೊಟ್ಟುಗಳ ನಡುವೆ ದಾರ ತೂರಿಸಿ, ಎರಡು ಸುತ್ತು, ಒಂದು ಜೀರುಗಂಟು. ಭತ್ತದ ಸಸಿಯನ್ನು ಆಳಕ್ಕೆ ಒತ್ತಿದರೆ ಬುಡದಿಂದ ತೆಂಡೆ, ಅಂದರೆ ಮರಿ ಕವಲು, ಒಡೆಯುವುದಿಲ್ಲ ಅಂತ ನಾಟಿಯವರ ಬೆನ್ನ ಹಿಂದೆಯೇ ನಿಂತು ಹೇಳುತ್ತಿದ್ದ ಮನುಷ್ಯ. ಇದು ಅವರಿಗೆ ನನಗಿಂತ ಬೇಗ ತಿಳಿದಿತ್ತು. ಮಾಸ್ ಅನ್ನು ತೆಳ್ಳಗೆ ಹರಡಿ ದಾರ ಸುತ್ತಿದ್ದು ನಾನು. ಅದು ಹೇಗೆ ಕಟ್ಟಿದರೂ ಬರುತ್ತದೆ.

ಆಮೇಲೆ ಹೆದರಿಕೆಗಳು. ನಾಲ್ಕನೇ ದಿನ ಕೊರಡಿನ ಮೇಲೆಲ್ಲ ಉಪ್ಪಿನಕಾಯಿ ಬೂಷ್ಟಿನಂಥ ಬಿಳಿ ಲೋಳೆ. ಹೊಸ ಕೊರಡಿಗೆ ಅದು ಸಹಜ, ಮೀನಿಗೆ ತೊಂದರೆಯಿಲ್ಲ. ಬಸವನಹುಳುಗಳು ವಾರದಲ್ಲಿ ಮೇಯ್ದು ಮುಗಿಸಿದವು. ತಿಂಗಳ ಮೇಲೆ ಜಾವಾ ಫರ್ನ್ ಎಲೆಯಡಿ ಸಾಲಾಗಿ ಕಪ್ಪು ಚುಕ್ಕೆ. "ಬೆಂಕಿ ರೋಗ ಬಿದ್ದೈತಿ, ಔಷಧಿ ಹೊಡಿ" ಅಂದರು ಅಪ್ಪ. ಔಷಧಿ ಹೊಡೆಯಲಿಲ್ಲ, ಆದರೆ ಮೂರು ಎಲೆ ಕತ್ತರಿಸಿಯೇ ಬಿಟ್ಟೆ. ಅವು ರೋಗವಲ್ಲ, ಜರೀಗಿಡದ ಬೀಜಕಣದ ಗೂಡುಗಳು. ಉಳಿದ ಎಲೆಯೊಂದರ ತುದಿಯಲ್ಲಿ ಕೆಲವು ದಿನಕ್ಕೆ ಬೇರು ಸಮೇತ ಮರಿಗಿಡವೇ ಹುಟ್ಟಿತು.

ಅನುಬಿಯಾಸ್ ಮಾತ್ರ ಮಹಾ ನಿಧಾನಿ. ತಿಂಗಳಿಗೆ ಒಂದು ಎಲೆ ಬಿಟ್ಟರೆ ಹಬ್ಬ. ಅಪ್ಪ ಸಂಜೆ ಲೈಟ್ ಹಾಕಿದ ಕೂಡಲೇ ಕುರ್ಚಿ ಎಳೆದುಕೊಂಡು ಎಣಿಸುತ್ತಾರೆ.

ಪಾಲಿಯೆಸ್ಟರ್ ದಾರ ಕೊಳೆಯುವುದಿಲ್ಲವಾದ್ದರಿಂದ ಐದು ತಿಂಗಳಾದ ಮೇಲೆ ಉಗುರು ಕತ್ತರಿಯಿಂದ ಕತ್ತರಿಸಿ ತೆಗೆದೆ. ಗಿಡ ಹಿಡಿದಿದೆಯೋ ಇಲ್ಲವೋ ನೋಡಲು ಕಾಂಡ ಹಿಡಿದು ಮೆಲ್ಲಗೆ ಎತ್ತಿದೆ. ಗಿಡ ಬರಲಿಲ್ಲ, ಕೊರಡೇ ಹಳ್ಳಿನಿಂದ ಮೇಲೆದ್ದಿತು.

"ಸಾಕ್ ಬಿಡೋ, ಕಿತ್ತೀ ಮತ್ತ" ಅಂದರು ಅಪ್ಪ ಕುರ್ಚಿಯಿಂದಲೇ.