ನಿದ್ದೆ ಮಾತ್ರೆ ಕೇಳಿ ಬಂದವರನ್ನು ಎರಡು ನಿಮಿಷ ಮಾತಾಡಿಸಿ

ದಾವಣಗೆರೆಯ ಒಂದು ಮೆಡಿಕಲ್ ಶಾಪ್‌ನಲ್ಲಿ ನಾನು ಫಾರ್ಮಸಿಸ್ಟ್. ನಿದ್ದೆ ಮಾತ್ರೆ ಬೇಕಾದವರು ಕೌಂಟರ್‌ಗೆ ಬಂದ ತಕ್ಷಣ ಬಾಯಿ ಬಿಡುವುದಿಲ್ಲ. ಪಕ್ಕದ ಗಿರಾಕಿ ಹೋಗಲಿ ಅಂತ ಕಾಯುತ್ತಾರೆ. ಆಮೇಲೆ ಮೆಲ್ಲಗೆ, "ರಾತ್ರಿಯೆಲ್ಲಾ ನಿದ್ದೇನೇ ಹತ್ತಲ್ಲ ಕಣ್ರಿ, ಒಂದೆರಡು ಮಾತ್ರೆ ಕೊಡ್ರಿ" ಅನ್ನುತ್ತಾರೆ.

ಚೀಟಿ ಇಲ್ಲದೆ ಕೊಡಲು ಬರುವುದಿಲ್ಲ. ಅಲ್ಪ್ರಾಜೋಲಮ್, ಡಯಾಜೆಪಾಮ್, ಜೋಲ್ಪಿಡೆಮ್ ಇವೆಲ್ಲ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. 2014ರ ಮಾರ್ಚ್‌ನಿಂದ ಈ ನಿಯಮ ಜಾರಿಯಲ್ಲಿದೆ. ಡಾಕ್ಟರ್ ಯಾರು, ರೋಗಿ ಯಾರು, ಯಾವ ಮಾತ್ರೆ, ಎಷ್ಟು ಕೊಟ್ಟೆವು ಅಂತ ಬೇರೆ ರಿಜಿಸ್ಟರ್‌ನಲ್ಲಿ ಬರೆಯಬೇಕು. ಅದನ್ನು 3 ವರ್ಷ ಇಟ್ಟಿರಬೇಕು. ಇದು ಕಾನೂನಿನ ಮಾತಾಯಿತು. ಆದರೆ ಬರೀ "ಇಲ್ಲ" ಅಂದು ಕಳಿಸಿದರೆ ಆ ಮನುಷ್ಯನ ನಿದ್ದೆ ಸರಿಹೋಗುತ್ತದಾ? ಶೀತದ ಮಾತ್ರೆ ನುಂಗಿ ಮಲಗುವವರಿದ್ದಾರೆ, ಕುಡಿದು ಮಲಗುವವರೂ ಇದ್ದಾರೆ. ಕುಡಿದರೆ ಕಣ್ಣು ಬೇಗ ಮುಚ್ಚುತ್ತದೆ ನಿಜ, ಆದರೆ ನಡುರಾತ್ರಿ ಮೇಲೆ ನಿದ್ದೆ ಚೂರುಚೂರಾಗುತ್ತದೆ. ಅದಕ್ಕೇ ನಾನು ಎರಡು ನಿಮಿಷ ನಿಲ್ಲಿಸಿ ಮಾತಾಡಿಸುತ್ತೇನೆ.

ಒಮ್ಮೆ ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರ್ ತುಂಬ ಮಾತ್ರೆ ಶೀಟು ಹಿಡಿದು ಬಂದರು. ಹಾರ್ಟ್‌ದು, ಬಿಪಿದು, ಶುಗರ್‌ದು ಎಲ್ಲ ಒಟ್ಟಿಗೆ. ನಿದ್ದೆಗೆ ಏನಾದರೂ ಬೇಕಿತ್ತು.

"ಅಜ್ಜಿ, ರಾತ್ರಿ ಎಷ್ಟು ಸಲ ಏಳ್ತೀರಿ?"

"ಮಲಗಾಕೆ ಎಲ್ಲಿ ಆಗುತ್ತಪ್ಪಾ? ಬಚ್ಚಲಿಗೆ ಓಡಾಡೋದೇ ಆತು."

ಕವರ್‌ನಲ್ಲಿ ಫ್ಯೂರೋಸಮೈಡ್ ಇತ್ತು. ಕಾಲು ಊದಿದ್ದಕ್ಕೆ ಕೊಡುವ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ. ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು, ಸುಮಾರು ಆರು ಗಂಟೆ ಇರುತ್ತದೆ. ಚೀಟಿಯಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಂತಲೇ ಇತ್ತು. ಮಿಕ್ಕ ಮಾತ್ರೆಗಳ ಜೊತೆ ನೆನಪಿರಲಿ ಅಂತ ಎರಡನೆಯದನ್ನು ರಾತ್ರಿ ಊಟದ ಮೇಲಕ್ಕೆ ಮನೆಯವರು ಹಾಕಿಕೊಂಡಿದ್ದರು. ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಮತ್ತೆ ಮಧ್ಯಾಹ್ನಕ್ಕೆ ತರಿಸಿದೆವು. ಮುಂದಿನ ಸಲ ಬಂದಾಗ ಅಜ್ಜಿ ನಿದ್ದೆ ಮಾತ್ರೆಯ ಸುದ್ದಿ ಎತ್ತಲಿಲ್ಲ. ಅವರಿಗೆ ನಿದ್ದೆ ಮಾತ್ರೆ ಕೊಟ್ಟಿದ್ದರೆ ಏನಾಗುತ್ತಿತ್ತು? ಅಮಲಿನಲ್ಲೇ ಬಚ್ಚಲಿಗೆ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುವುದು ವಯಸ್ಸಾದವರಲ್ಲಿ ನಿಜವಾದ ಅಪಾಯ. ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಕೂಡ ಸಂಜೆ ತಗೊಂಡರೆ ನಿದ್ದೆ ಕೆಡಿಸುತ್ತದೆ. ಅದನ್ನು ಸಾಮಾನ್ಯವಾಗಿ ಬೆಳಿಗ್ಗೆ ತಿಂಡಿಯ ಮೇಲೆ ಬರೆಯುವುದು ಅದಕ್ಕೇ.

ಹಾಗಾಗಿ ನನ್ನ ಮೊದಲ ಪ್ರಶ್ನೆ, ಬೇರೆ ಯಾವ ಮಾತ್ರೆ ತಗೊಳ್ತೀರಿ, ಯಾವ ಹೊತ್ತಿಗೆ? ಎರಡನೆಯದು ಟೀ. ನಮ್ಮೂರಲ್ಲಿ ಸಂಜೆ ಮಿರ್ಚಿ ಮಂಡಕ್ಕಿ ಆದಮೇಲೆ ಟೀ ಬೇಕೇ ಬೇಕು. ಮಾತಿಗೆ ಕೂತರೆ ಇನ್ನೊಂದು. ಕಾಫಿ, ಟೀಯಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಹೆಚ್ಚುಕಮ್ಮಿ ಐದು ಗಂಟೆ ಬೇಕು. ಆರು ಗಂಟೆಗೆ ಕುಡಿದದ್ದರಲ್ಲಿ ಅರ್ಧ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ.

ಜಗಳೂರು ಕಡೆಯಿಂದ ಬರುವ ರೈತರದ್ದು ಬೇರೆ ಕಥೆ. ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ರಾತ್ರಿಯೇ ಮೋಟರ್ ಹಾಕಬೇಕು, ನೀರು ತಿರುವಬೇಕು. ಲಾರಿ ಡ್ರೈವರ್‌ಗಳದ್ದೂ ಹೀಗೇ. ಇದು ನಿದ್ದೆಗೆ ಪುರುಸೊತ್ತು ಸಿಗದಿರುವುದು. ಇದಕ್ಕೆ ಮಾತ್ರೆ ಮದ್ದಲ್ಲ, ಹಗಲಾದರೂ ಕತ್ತಲೆ ಕೋಣೆಯಲ್ಲಿ ಮಲಗುವ ಏರ್ಪಾಡು ಬೇಕು. ನಿದ್ರಾಹೀನತೆ ಅಂದರೆ ಹಾಸಿಗೆಯೂ ಇದೆ, ಸಮಯವೂ ಇದೆ, ಆದರೂ ನಿದ್ದೆ ಇಲ್ಲ ಅನ್ನುವುದು. ವಾರಕ್ಕೆ 3 ರಾತ್ರಿಯಾದರೂ ಹೀಗಾಗಿ, 3 ತಿಂಗಳು ಮುಂದುವರಿದರೆ ಡಾಕ್ಟರುಗಳು ಅದನ್ನು ದೀರ್ಘಕಾಲದ ತೊಂದರೆ ಅಂತ ಗುರುತಿಸುತ್ತಾರೆ. ಅಷ್ಟು ಹೊತ್ತಿಗೆ ಸಿಟ್ಟು, ಮರೆವು, ಕೆಲಸದಲ್ಲಿ ತಪ್ಪು ಎಲ್ಲ ಶುರುವಾಗಿರುತ್ತವೆ. ಇಂಥವರಿಗೆ ಬಿಪಿ, ಶುಗರ್, ಖಿನ್ನತೆ ಬರುವ ಸಾಧ್ಯತೆಯೂ ಹೆಚ್ಚು. ಒಂದು ಮಾತು ಹೆಂಡತಿಯನ್ನೋ ಗಂಡನನ್ನೋ ಕೇಳಬೇಕು: ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತ ಹಾಗೆ ಆಗುತ್ತದಾ? ಹೌದಾದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಅದಕ್ಕೆ ನಿದ್ದೆ ಮಾತ್ರೆ ನುಂಗುವುದು ಅಪಾಯಕಾರಿ.

ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ಮಲಗುವ ರೀತಿ ಮತ್ತು ಅದರ ಬಗ್ಗೆ ಯೋಚಿಸುವ ರೀತಿಯನ್ನು ತಿದ್ದುವ ಸಿಬಿಟಿ-ಐ. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ 2016ರಲ್ಲಿ ಇದನ್ನೇ ಹೇಳಿತು. ಅದರ ಕೆಲವು ಮಾತು ಕೌಂಟರ್‌ನಲ್ಲೇ ಹೇಳುವಷ್ಟು ಸರಳ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಇಪ್ಪತ್ತು ನಿಮಿಷ ಆದಂತೆ ಅನಿಸಿಯೂ ನಿದ್ದೆ ಹತ್ತದಿದ್ದರೆ ಎದ್ದು ಹೊರಗೆ ಕೂತುಕೊಳ್ಳಿ, ತೂಕಡಿಕೆ ಬಂದಾಗ ವಾಪಸ್ ಹೋಗಿ. ಗಡಿಯಾರ ನೋಡಬೇಡಿ. ಹಾಸಿಗೆ ಮೇಲೆ ಮೊಬೈಲ್ ಬೇಡ. ಜನಕ್ಕೆ ಅತಿ ಕಷ್ಟ ಅನಿಸುವುದು ಎದ್ದು ಕೂರುವುದೇ. "ಮಲಗಿದ್ರೆ ರೆಸ್ಟ್ ಆದ್ರೂ ಆಗುತ್ತಲ್ವಾ?" ಅನ್ನುತ್ತಾರೆ. ಆದರೆ ಗಂಟೆಗಟ್ಟಲೆ ಹೊರಳಾಡಿದರೆ ಹಾಸಿಗೆ ಕಂಡ ಕೂಡಲೇ ಎಚ್ಚರವಾಗುವುದೇ ಅಭ್ಯಾಸವಾಗಿಬಿಡುತ್ತದೆ.

ಇಷ್ಟಕ್ಕೂ ಸರಿಹೋಗದಿದ್ದರೆ, ಮನಸ್ಸಿನಲ್ಲಿ ಭಾರ ಇದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಲು ಹೇಳುತ್ತೇನೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರ್ ಬರೆದು ಕೊಟ್ಟಾಗ ಕೆಲವರು ಮುಖ ಗಂಟು ಹಾಕುತ್ತಾರೆ, "ನಂಗೇನು ತಲೆ ಕೆಟ್ಟಿದೆಯಾ?" ಅಂತ. ಆದರೂ ಹೆಚ್ಚಿನವರು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ.

ಈಗಾಗಲೇ ತಿಂಗಳುಗಟ್ಟಲೆ ಮಾತ್ರೆ ತಗೊಳ್ಳುತ್ತಿರುವವರು ಇದನ್ನೋದಿ ಇವತ್ತೇ ನಿಲ್ಲಿಸಬೇಡಿ. ಅಲ್ಪ್ರಾಜೋಲಮ್‌ನಂಥದ್ದನ್ನು ಏಕಾಏಕಿ ಬಿಟ್ಟರೆ ಇದ್ದ ನಿದ್ದೆಯೂ ಹೋಗುತ್ತದೆ, ಕೈ ನಡುಗುತ್ತದೆ, ಫಿಟ್ಸ್ ಕೂಡ ಬರಬಹುದು. ಬರೆದುಕೊಟ್ಟ ಡಾಕ್ಟರನ್ನೇ ಕಂಡು, ಅವರು ಹೇಳಿದ ಲೆಕ್ಕದಲ್ಲಿ ಸ್ವಲ್ಪಸ್ವಲ್ಪವೇ ಕಡಿಮೆ ಮಾಡಿಕೊಳ್ಳಿ.